ದ್ವೀಪದ ಟಿವಿ ಪ್ರೇಮಚಿತ್ರವನ್ನು ಅರ್ಧ ಜನ ‘ಸಪ್ಪೆ’ ಅಂದರೆ ನಂಬಬೇಕಾ?

ನಿಮ್ಮ ಅಮ್ಮ ಮಂಡಿ ಆಪರೇಷನ್ ಆಗಿ ಪುಣೆಯ ಮನೆಯಲ್ಲಿ ಮಲಗಿದ್ದಾರೆ. ದ್ವೀಪದಲ್ಲಿ ನಡೆಯುವ ಒಂದು ಹಗುರ ಟಿವಿ ಪ್ರೇಮಚಿತ್ರ ಹಾಕೋಣ ಅಂದುಕೊಂಡಿರಿ. ನೋಡಿದವರಲ್ಲಿ ಅರ್ಧ ಜನ ‘ಮುದ್ದಾಗಿದೆ’ ಅಂತಾರೆ, ಅರ್ಧ ಜನ ‘ಸಪ್ಪೆ, ಕೊನೆ ಮೊದಲೇ ಗೊತ್ತಾಗುತ್ತೆ’ ಅಂತಾರೆ. ಯಾರನ್ನು ನಂಬಲಿ ಅನ್ನುವುದು ನಿಮ್ಮ ಪ್ರಶ್ನೆ. ಇದೇ ಎರಡು ಗುಂಪಿನ ಮಾತು ಓದುತ್ತಾ ನಾನೂ ಒಂದು ರಾತ್ರಿ ಕೂತಿದ್ದೆ. ‘ಸಪ್ಪೆ’ ಅಂದವರನ್ನು ನಂಬಿದೆ. ಅದರಿಂದ ಕೆಲಸ ಹೋಯಿತು.

ನಾನು ಮುಂಬೈಯಲ್ಲಿ ಡಬ್ಬಿಂಗ್‌ಗೆ ಕನ್ನಡ ಸಂಭಾಷಣೆ ಬರೆಯುತ್ತೇನೆ. ಕನ್ನಡಕ್ಕೆ ಡಬ್ಬಿಂಗ್ ಬೇಡ ಅನ್ನುವ ಅಲಿಖಿತ ತಡೆ ದಶಕಗಳ ಕಾಲ ಇತ್ತು, ನಿಮಗೂ ಗೊತ್ತಿರುತ್ತದೆ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ತೀರ್ಪು ಕೊಟ್ಟಿತು. ಬಾಗಿಲು ನಿಧಾನಕ್ಕೆ ತೆರೆಯಿತು. 2020ರ ಲಾಕ್‌ಡೌನ್ ಹೊತ್ತಿಗೆ ಮನೆಮನೆಯಲ್ಲಿ ಮಹಾಭಾರತ ಕನ್ನಡದಲ್ಲಿ ಮಾತಾಡುತ್ತಿತ್ತು. ಆಮೇಲೆ ಅಂಧೇರಿಯ ಸ್ಟುಡಿಯೋಗಳಿಗೆ ಕನ್ನಡದ ಕೆಲಸ ಬರತೊಡಗಿತು. ಬರೆಯುವವರು ಬೇಕು, ಮಾತಾಡುವವರು ಬೇಕು. ಮಾಟುಂಗದ ಕಡೆ ಕನ್ನಡ ನಾಟಕ ಆಡುವವರು, ಮುಲುಂಡ್, ಡೊಂಬಿವಲಿಯಲ್ಲಿ ಮನೆಯೊಳಗೆ ತುಳು, ಹೊರಗೆ ಮರಾಠಿ ಮಾತಾಡುತ್ತಾ ಬೆಳೆದ ಹುಡುಗಿಯರು, ಎಲ್ಲರೂ ಮೈಕ್ ಮುಂದೆ ಬಂದು ನಿಂತರು.

ನನಗೆ ಸಿಕ್ಕಿದ್ದು ಅಮೆರಿಕದ ಒಂದು ಟಿವಿ ಪ್ರೇಮಚಿತ್ರ. ಕರಾರಿನ ಕಾರಣ ಹೆಸರು ಹೇಳಲಾರೆ. ದೊಡ್ಡ ಹೋಟೆಲ್ ಕಂಪನಿಯ ಅಧಿಕಾರಿಣಿಯೊಬ್ಬಳು ಪೆಸಿಫಿಕ್ ದ್ವೀಪಕ್ಕೆ ಬರುತ್ತಾಳೆ. ನಷ್ಟದಲ್ಲಿರುವ ಚಿಕ್ಕ ರೆಸಾರ್ಟ್ ಮುಚ್ಚಬೇಕೋ ಬೇಡವೋ ಅಂತ ವರದಿ ಬರೆಯುವುದು ಅವಳ ಕೆಲಸ. ದೋಣಿ ಬಾಡಿಗೆಗೆ ಕೊಡುವವನೊಬ್ಬ ಅವಳಿಗೆ ಊರು ತೋರಿಸುತ್ತಾನೆ. ಮುಂದೆ ಏನಾಗುತ್ತದೆ ಅಂತ ನೀವೇ ಹೇಳಬಲ್ಲಿರಿ.

ಬರೆಯಲು ಕೂರುವ ಮುಂಚೆ ವೀಕ್ಷಕರ ಅಭಿಪ್ರಾಯ ಓದಿದೆ. ಹತ್ತಕ್ಕೆ ಆರರ ಆಸುಪಾಸು ಅಂಕ. ಈ ಜಾತಿಯ ಚಿತ್ರಗಳಿಗೆ ಸಾಮಾನ್ಯವಾಗಿ ಅಷ್ಟೇ ಬರುತ್ತದೆ. ಬೈದವರೆಲ್ಲ ಒಂದೇ ಕಡೆ ಬೆರಳು ತೋರಿಸಿದ್ದರು. ನಾಯಕಿ ಮರದ ಬೊಂಬೆ, ಮೊದಲ ಅರ್ಧ ಗಂಟೆ ಅವಳ ಬಾಯಲ್ಲಿ ಜೀವ ಇರುವ ಒಂದು ಮಾತೂ ಇಲ್ಲ, ಜೋಡಿಯಲ್ಲಿ ಕೆಮಿಸ್ಟ್ರಿ ಇಲ್ಲ, ಸುಮ್ನೆ ಸಮುದ್ರ ತೋರಿಸುತ್ತಾರೆ. ಇಷ್ಟಪಟ್ಟವರು ಏನು ಬರೆದಿದ್ದಾರೆ ಅಂತ ನಾನು ಸರಿಯಾಗಿ ಓದಲೇ ಇಲ್ಲ. ‘ಹಾಯಾಗಿತ್ತು’, ‘ಮನಸ್ಸು ಹಗುರವಾಯಿತು’ ಅನ್ನುವ ಮಾತಿನಿಂದ ಕೆಲಸಕ್ಕೆ ಬರುವುದು ಏನೂ ಇಲ್ಲ ಅನ್ನಿಸಿತು. ಬೈದವರು ಕಾರಣ ಕೊಟ್ಟಿದ್ದರು. ಕಾರಣ ಕೊಟ್ಟವರೇ ಗಮನ ಇಟ್ಟು ನೋಡಿದವರು ಅಂದುಕೊಂಡೆ.

ಇಲ್ಲೇ ಎಡವಿದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನೀವು ಕೇಳಿದ್ದಕ್ಕೆ ಉತ್ತರ ಇದರೊಳಗೇ ಇದೆ.

ಡಬ್ಬಿಂಗ್ ಬರೆಯುವವರಿಗೆ ಒಂದು ಸ್ವಾತಂತ್ರ್ಯ ಇದೆ. ಪಾತ್ರದ ಮುಖ ನಮ್ಮ ಕಡೆ ಇದ್ದಾಗ ತುಟಿಗೆ ಹೊಂದಬೇಕು. ಪ, ಬ, ಮ ಬಂದಲ್ಲಿ ತುಟಿ ಮುಚ್ಚಬೇಕು. ಅಲ್ಲಿ ಕೈ ಕಟ್ಟಿರುತ್ತದೆ. ಪಾತ್ರ ಬೆನ್ನು ತಿರುಗಿಸಿದಾಗ, ದೂರದಿಂದ ನಡೆದು ಹೋಗುವಾಗ, ಕ್ಯಾಮೆರಾ ಸಮುದ್ರದ ಮೇಲೆ ತಿರುಗಿದಾಗ ಏನು ಬೇಕಾದರೂ ಸೇರಿಸಬಹುದು. ಮೂಲದಲ್ಲಿ ಮೌನ ಇದ್ದರೂ ಕನ್ನಡದಲ್ಲಿ ಮಾತು ಹಾಕಬಹುದು. ನಾನು ಹಾಕಿದೆ. ದೋಣಿಕಟ್ಟೆಯ ದೃಶ್ಯದಲ್ಲಿ ಅವನು ಹಸಿವಾಗಿದೆಯಾ ಅಂತ ಕೇಳುತ್ತಾನೆ. ಅವಳು ಸ್ವಲ್ಪ ಅನ್ನುತ್ತಾಳೆ. ಬಾ ಅನ್ನುತ್ತಾನೆ. ಇಬ್ಬರೂ ಮರದ ಹಲಗೆಗಳ ಮೇಲೆ ನಡೆದು ಹೋಗುತ್ತಾರೆ. ಅಷ್ಟೇ. ನಾನು ಆ ನಡಿಗೆಗೆ ಪೂರ್ತಿ ಸರಸದ ಮಾತು ತುಂಬಿದೆ. ಹುಬ್ಬಳ್ಳಿ ಕಡೆಯ ಚುರುಕು ಮಾತು, ಎರಡು ಗಾದೆ, ಒಂದು ಪ್ರಾಸ. ಸ್ಟುಡಿಯೋದಲ್ಲಿ ಎಲ್ಲರೂ ನಕ್ಕರು. ನನಗೆ ಧೈರ್ಯ ಬಂತು. ಬೆನ್ನು ಕಂಡಲ್ಲೆಲ್ಲ ಮಾತು ಹಾಕುತ್ತಾ ಹೋದೆ. ನಾಯಕಿಯನ್ನು ಮೊದಲ ರೀಲಿನಿಂದಲೇ ವಾಚಾಳಿ ಮಾಡಿದೆ.

ನಾನು ಪೂರ್ತಿ ಚಿತ್ರವನ್ನು ಒಂದೇ ಸಲ, ಪ್ರೇಕ್ಷಕಳಾಗಿ, ಸುಮ್ಮನೆ ಕೂತು ನೋಡಿರಲಿಲ್ಲ. ತುಂಡು ತುಂಡಾಗಿ ಬರೆಯುತ್ತಿದ್ದೆ. ಹಾಗಾಗಿ ಒಂದು ವಿಷಯ ಕಾಣಲೇ ಇಲ್ಲ. ಆ ನಾಯಕಿ ಮೊದಲು ಒಣಗಿದ ಆಫೀಸ್ ಮಾತು ಆಡುತ್ತಾಳೆ. ಮೂರು ಪದ, ನಾಲ್ಕು ಪದ. ದ್ವೀಪದಲ್ಲಿ ದಿನ ಕಳೆದ ಹಾಗೆ ಅವಳ ವಾಕ್ಯ ಉದ್ದವಾಗುತ್ತದೆ. ನಡುವೆ ಒಂದು ಕಡೆ ಮೊದಲ ಸಲ ತಮಾಷೆ ಮಾಡುತ್ತಾಳೆ. ಕೊನೆಯ ಹತ್ತಿರ, ತನ್ನ ತಂದೆಯ ಬಗ್ಗೆ ಒಂದೇ ಉಸಿರಿನಲ್ಲಿ ಹೇಳಿಕೊಳ್ಳುತ್ತಾಳೆ. ಆಗ ಅವನು, ‘ನೀನು ಇಷ್ಟು ಮಾತಾಡ್ತೀಯಾ ಅಂತ ಗೊತ್ತೇ ಇರಲಿಲ್ಲ’ ಅನ್ನುತ್ತಾನೆ. ಇಡೀ ಚಿತ್ರದಲ್ಲಿ ಪ್ರೀತಿ ಒಪ್ಪಿಕೊಳ್ಳುವ ಜಾಗ ಅದೇ. ಮುತ್ತು ಬರುವುದು ಆಮೇಲೆ, ಕೊನೆಯಲ್ಲಿ. ನನ್ನ ಕನ್ನಡದಲ್ಲಿ ಅವಳು ದೋಣಿಯಿಂದ ಇಳಿದಾಗಿನಿಂದ ಮಾತಾಡುತ್ತಲೇ ಇದ್ದಳು. ಅವನ ಆ ಮಾತಿಗೆ ಅರ್ಥವೇ ಉಳಿಯಲಿಲ್ಲ.

ಮರದ ಬೊಂಬೆ ಅಂತ ವೀಕ್ಷಕರು ಬೈದದ್ದು ಸುಳ್ಳಲ್ಲ. ಮೊದಲ ಅರ್ಧ ಗಂಟೆ ಅವಳು ಹಾಗೇ ಇದ್ದಳು. ಅದು ಬೇಕು ಅಂತಲೇ ಬರೆದದ್ದು. ಅರ್ಧ ಗಂಟೆಗೆ ಎದ್ದು ಹೋದವರೂ ಅಭಿಪ್ರಾಯ ಬರೆಯುತ್ತಾರೆ, ಕೊನೆವರೆಗೆ ಕೂತವರೂ ಬರೆಯುತ್ತಾರೆ. ಎರಡೂ ಒಂದೇ ಪಟ್ಟಿಯಲ್ಲಿ, ಒಂದೇ ಅಳತೆಯ ನಕ್ಷತ್ರ ಹೊತ್ತುಕೊಂಡು ಕೂರುತ್ತವೆ. ನಾನು ಎದ್ದು ಹೋದವರ ಮಾತು ಕೇಳಿ ಚಿತ್ರ ರಿಪೇರಿ ಮಾಡಲು ಹೋಗಿದ್ದೆ.

ಮಾಡಿಸಿದ ಕಂಪನಿಯವರು ಪರಿಶೀಲಿಸಿ ಪೂರ್ತಿ ವಾಪಸ್ ಕಳಿಸಿದರು. ಅಲೆಯ ಸದ್ದು, ಹಕ್ಕಿಯ ಸದ್ದು ಬೇರೆ ಟ್ರ್ಯಾಕಿನಲ್ಲಿ ಬಂದಿತ್ತು, ಅದರ ಮೇಲೆಲ್ಲ ನನ್ನ ಮಾತು ಹತ್ತಿ ಕೂತಿತ್ತು. ಮತ್ತೆ ಬರೆಯಬೇಕಾಯಿತು, ಮತ್ತೆ ರೆಕಾರ್ಡ್ ಮಾಡಬೇಕಾಯಿತು. ಸ್ಟುಡಿಯೋ ಬಾಡಿಗೆ ನನ್ನ ಹಣದಲ್ಲಿ ಕಡಿತವಾಯಿತು. ನಾಯಕಿಗೆ ದನಿ ಕೊಟ್ಟ ಹುಡುಗಿ ನಾಟಕದ ತಾಲೀಮು ಬಿಟ್ಟು ಮತ್ತೆ ವರ್ಸೋವಾದವರೆಗೆ ಬಂದಳು. ಅವಳಿಗೆ ಎರಡನೇ ಸಲದ ಸಂಭಾವನೆ ಸಿಗಲಿಲ್ಲ. ನನಗೆ ಜಾಸ್ತಿ ನೋವಾಗಿದ್ದು ಅದಕ್ಕೇ. ಅದೇ ಸಾಲಿನ ಮುಂದಿನ ಚಿತ್ರಗಳು ಬೇರೆಯವರ ಪಾಲಾದವು.

ಆಮೇಲೆ ನಾನು ಇಂಥ ಚಿತ್ರಗಳನ್ನು ಕೂತು ನೋಡಲು ಶುರು ಮಾಡಿದೆ. ಯಾರು ಹೇಗೆ ಮಾಡುತ್ತಾರೆ ಅಂತ ಓದಿದೆ. ಇವುಗಳಿಗೆ ಹೆಸರಾದದ್ದು ಅಮೆರಿಕದ ಹಾಲ್‌ಮಾರ್ಕ್ ಚಾನೆಲ್, 2001ರಿಂದ ಆ ಹೆಸರಿನಲ್ಲಿ ನಡೆಯುತ್ತಿದೆ. ಜಾಹೀರಾತು ಸೇರಿ ಎರಡು ಗಂಟೆಯ ಜಾಗ. ಚಿತ್ರ ಮಾತ್ರ ಒಂದೂವರೆ ಗಂಟೆಗಿಂತ ತುಸು ಕಡಿಮೆ. ಶೂಟಿಂಗ್ ಸಾಮಾನ್ಯವಾಗಿ ಮೂರು ವಾರದಲ್ಲಿ ಮುಗಿಯುತ್ತದೆ. ಹೆಚ್ಚಿನವು ಕೆನಡಾದಲ್ಲಿ ತಯಾರಾಗುತ್ತವೆ, ದ್ವೀಪದ ಕಥೆಗೆ ಹವಾಯಿ, ಫಿಜಿಗೆ ಹೋಗುತ್ತಾರೆ. ಇಷ್ಟು ತಿಳಿದ ಮೇಲೆ ಆ ಬೈಗುಳಗಳನ್ನು ಮತ್ತೆ ಓದಿದೆ. ಎಷ್ಟೋ ಮಾತಿಗೆ ಕಾರಣ ಕಾಣಿಸಿತು.

‘ಹತ್ತು ನಿಮಿಷಕ್ಕೊಮ್ಮೆ ಸುಮ್ನೆ ಒಂದು ಆತಂಕ ತರುತ್ತಾರೆ’ ಅಂತ ತುಂಬ ಜನ ಬರೆಯುತ್ತಾರೆ. ಹೌದು, ತರುತ್ತಾರೆ. ಕಥೆಯನ್ನು ನಾಟಕದ ಹಾಗೆ ಒಂಬತ್ತು ಅಂಕಗಳಾಗಿ ಒಡೆದಿರುತ್ತಾರೆ. ಪ್ರತಿ ಅಂಕದ ಕೊನೆಗೆ ಜಾಹೀರಾತು. ನೋಡುವವರು ಎದ್ದು ಹೋಗಬಾರದು ಅಂತ ಅಲ್ಲೊಂದು ಕೊಕ್ಕೆ. ನಾವು ಮೊಬೈಲಿನಲ್ಲಿ ಜಾಹೀರಾತಿಲ್ಲದೆ ನೋಡುವಾಗ ಕೊಕ್ಕೆ ಮಾತ್ರ ಉಳಿದುಕೊಳ್ಳುತ್ತದೆ. ‘ಕಡಲ ತೀರದ ಮಾತು ರೂಮಿನಲ್ಲಿ ಆಡಿದ ಹಾಗಿದೆ’ ಅನ್ನುವುದು ಇನ್ನೊಂದು. ಅಲೆಯ ಪಕ್ಕ ನಿಂತು ಮಾತಾಡಿದರೆ ಅರ್ಧ ಕೇಳಿಸುವುದಿಲ್ಲ, ಆಮೇಲೆ ರೂಮಿನಲ್ಲಿ ಕೂತು ಮತ್ತೆ ಹೇಳಿಸಬೇಕಾಗುತ್ತದೆ. ‘ಸಂಜೆಯ ದೃಶ್ಯದಲ್ಲಿ ಬೆಳಕು ಬದಲಾಗುತ್ತದೆ’ ಅನ್ನುವ ದೂರೂ ನಿಜ. ಉಷ್ಣವಲಯದಲ್ಲಿ ಸೂರ್ಯ ಹೆಚ್ಚುಕಡಿಮೆ ನೇರವಾಗಿ ಇಳಿಯುತ್ತಾನೆ. ಆ ಹೊನ್ನಿನ ಬೆಳಕು ಬೇಗ ಹೋಗಿಬಿಡುತ್ತದೆ. ಮೂರು ವಾರದಲ್ಲಿ ಮುಗಿಸಬೇಕಾದವರು ಒಂದು ದೃಶ್ಯಕ್ಕೆ ಎಷ್ಟು ಸಂಜೆ ಕಾಯಬಲ್ಲರು? ಗೋವಾದ ತೀರದಲ್ಲಿ ಸಂಜೆ ಫೋಟೋ ತೆಗೆದವರಿಗೆ ಇದು ಗೊತ್ತು, ಮೊಬೈಲ್ ಸರಿ ಮಾಡಿಕೊಳ್ಳುವಷ್ಟರಲ್ಲಿ ಬಣ್ಣ ಮಾಸಿರುತ್ತದೆ.

‘ಕೊನೆ ಮೊದಲೇ ಗೊತ್ತಾಗುತ್ತೆ’ ಅನ್ನುವುದನ್ನಂತೂ ನಾನು ದೂರು ಅಂತಲೇ ಒಪ್ಪುವುದಿಲ್ಲ. ಮುಂಬೈಯಲ್ಲಿ ನಮ್ಮವರು ಯಕ್ಷಗಾನ ಆಡಿಸುತ್ತಾರೆ, ರಾತ್ರಿ ಜನ ತುಂಬುತ್ತಾರೆ. ಕೀಚಕ ಸಾಯುತ್ತಾನೆ ಅಂತ ಮೊದಲೇ ಗೊತ್ತಿತ್ತು ಅಂತ ಯಾರಾದರೂ ಎದ್ದು ಹೋಗುತ್ತಾರಾ? ಇವತ್ತಿನ ಕೀಚಕ ಹೇಗೆ ಕುಣಿದ, ಏನು ಅರ್ಥ ಹೇಳಿದ ಅಂತ ನೋಡುತ್ತಾರೆ. ಈ ಚಿತ್ರಗಳಲ್ಲೂ ಅಷ್ಟೇ. ಇಬ್ಬರೂ ಸೇರುತ್ತಾರೆ ಅನ್ನುವ ಭರವಸೆ ಮೊದಲೇ ಕೊಟ್ಟಾಗಿದೆ. ಯಾರೂ ಸಾಯುವುದಿಲ್ಲ, ಯಾರಿಗೂ ವಾಸಿಯಾಗದ ರೋಗ ಬರುವುದಿಲ್ಲ, ಮುಕ್ಕಾಲು ದಾರಿಯಲ್ಲಿ ಬರುವ ತಪ್ಪು ತಿಳಿವಳಿಕೆ ಮುರಿಯುವಷ್ಟು ದೊಡ್ಡದಾಗುವುದಿಲ್ಲ. ಆ ಭರವಸೆಯ ಮೇಲೆ ಮನಸ್ಸು ಸಡಿಲ ಮಾಡಿ ಕೂರುವುದು ಒಂದು ದೊಡ್ಡ ಸುಖ. ಆಸ್ಪತ್ರೆಯಿಂದ ಬಂದವರಿಗೆ, ದಿನವಿಡೀ ಲೋಕಲ್ ಟ್ರೈನಿನಲ್ಲಿ ನಿಂತು ಬಂದವರಿಗೆ ಅದು ಎಷ್ಟು ಬೇಕು ಅಂತ ನಾನು ಕಂಡಿದ್ದೇನೆ. ಇದನ್ನು ಕೀಳು ಅನ್ನುವವರ ಜೊತೆ ನಾನು ಈಗಲೂ ವಾದ ಮಾಡುತ್ತೇನೆ.

ಒಂದು ದೂರನ್ನು ಮಾತ್ರ ನಾನು ಪೂರ್ತಿ ಒಪ್ಪುತ್ತೇನೆ. ಅಂಥ ಅಭಿಪ್ರಾಯ ಕಂಡರೆ ನಿಂತು ಓದಿ. ದ್ವೀಪದ ಜನ ಹೂವಿನ ಹಾರ ಹಾಕಲು, ಎಳನೀರು ಕೊಡಲು, ಹೊರಗಿನಿಂದ ಬಂದವಳಿಗೆ ಬುದ್ಧಿ ಹೇಳಲು ಮಾತ್ರ ಇರುತ್ತಾರೆ ಅಂತ ಹಲವರು ಬರೆಯುತ್ತಾರೆ. ಅವರಿಗೆ ಮನೆ ಇಲ್ಲ, ಬಾಡಿಗೆ ಚಿಂತೆ ಇಲ್ಲ, ಪ್ರೀತಿಯೂ ಇಲ್ಲ. ನನ್ನ ಚಿಕ್ಕಮ್ಮ ವಾಸ್ಕೋದಲ್ಲಿದ್ದಾರೆ. ಗೋವಾದಲ್ಲಿ ಎಷ್ಟು ಜನ ಉತ್ತರ ಕರ್ನಾಟಕದವರು ಮನೆ ಕಟ್ಟುತ್ತಾರೆ, ಮೀನು ಬುಟ್ಟಿ ಹೊರುತ್ತಾರೆ, ಹೋಟೆಲಿನ ಪಾತ್ರೆ ತೊಳೆಯುತ್ತಾರೆ ಅಂತ ಅವರ ಮನೆಯ ಬೀದಿಯಲ್ಲಿ ನಿಂತರೆ ಕಾಣುತ್ತದೆ. ಸಿನಿಮಾದ ಗೋವಾದಲ್ಲಿ ಅವರು ಇಲ್ಲ. ಕೊಂಕಣಿ ಮಾತಾಡುವ ಗೋವಾದವರೂ ಬಾರಿನ ಮೂಲೆಗೆ ಮಾತ್ರ ಸಿಗುತ್ತಾರೆ. ಹವಾಯಿಯವರಿಗೂ ಹಾಗೇ ನೋವಾಗುತ್ತದೆ ಅಂತ ನನಗೆ ಅನುಮಾನವಿಲ್ಲ. ನಾನು ಬರೆದ ಚಿತ್ರದಲ್ಲಿ ರೆಸಾರ್ಟಿನ ಅಡುಗೆಯವಳಿಗೆ ಒಂದು ಸಣ್ಣ ಕಥೆ ಇತ್ತು, ಓದು ಮುಗಿಸಲು ಹೋದ ಮಗಳು ವಾಪಸ್ ಬರುವ ಕಥೆ. ಅದನ್ನು ಇಷ್ಟಪಟ್ಟು ಬರೆದವರು ಕೆಲವರಿದ್ದರು. ಅವರ ಮಾತನ್ನೇ ನಾನು ಅವತ್ತು ಓದದೆ ದಾಟಿದ್ದೆ.

ಆದ್ದರಿಂದ ಯಾರನ್ನು ನಂಬಲಿ ಅಂತ ಕೇಳಬೇಡಿ. ಎರಡು ಗುಂಪಿನಲ್ಲಿ ಒಂದು ಸರಿ, ಒಂದು ತಪ್ಪು ಅಂತ ಇಲ್ಲವೇ ಇಲ್ಲ. ‘ಸಪ್ಪೆ’ ಅಂದವರೂ ‘ಹಾಯಾಗಿತ್ತು’ ಅಂದವರೂ ಒಂದೇ ಗುಣವನ್ನು ನೋಡಿ ಹೇಳುತ್ತಿದ್ದಾರೆ. ನಿಮ್ಮ ಅಮ್ಮನಿಗೆ ಈಗ ಆ ಗುಣ ಬೇಕಾ ಅನ್ನುವುದನ್ನು ನೀವು ನೋಡಬೇಕು. ಮಂಡಿ ನೋವಿನಲ್ಲಿ ರಾತ್ರಿ ನಿದ್ದೆ ಬಾರದೆ ಇರುವವರಿಗೆ ಬೇಕು ಅಂತ ನಾನು ಹೇಳುತ್ತೇನೆ. ಅಂಕ ನೋಡಬೇಡಿ. ಇಷ್ಟಪಟ್ಟವರ ಮಾತು ಓದಿ, ಅವರು ಯಾವ ಪಾತ್ರದ ಬಗ್ಗೆ ಬರೆದಿದ್ದಾರೆ ನೋಡಿ. ನಾಯಕ ನಾಯಕಿ ಬಿಟ್ಟು ಮೂರನೆಯವರ ಹೆಸರು ಬಂದಿದ್ದರೆ ಆ ಚಿತ್ರಕ್ಕೆ ಕಾಳಜಿಯಿಂದ ಬರೆದ ಕಥೆ ಇದೆ ಅಂತ ಲೆಕ್ಕ.

ಹಗಲು ಹಾಕಿ, ಕಿಟಕಿ ಪರದೆ ಎಳೆದು ಕತ್ತಲು ಮಾಡುವುದೇನೂ ಬೇಡ. ಫಿಸಿಯೋಥೆರಪಿ ಮುಗಿದ ಮೇಲಿನ ಹೊತ್ತು ಒಳ್ಳೆಯದು, ಕಾಲು ಚಾಚಿ ಕೂತಿರುತ್ತಾರೆ. ಅಮ್ಮನಿಗೆ ಇಂಗ್ಲಿಷ್ ಕಷ್ಟ ಅಂತ ನೀವು ಹೇಳಿಲ್ಲ. ಕಷ್ಟವಾದರೆ ಕನ್ನಡ ಡಬ್ ಇದೆಯಾ ಅಂತ ಭಾಷೆಯ ಮೆನುವಿನಲ್ಲಿ ನೋಡಿ. ಇದ್ದರೆ, ಇಬ್ಬರೂ ಮಾತಿಲ್ಲದೆ ನಡೆಯುವ ಒಂದು ದೃಶ್ಯವನ್ನು ಮೊದಲು ನೀವೇ ಕೇಳಿ ಪರೀಕ್ಷಿಸಿ. ಅಲ್ಲಿ ಅಲೆಯ ಸದ್ದು ಕೇಳಿಸಿದರೆ ಧೈರ್ಯವಾಗಿ ಹಾಕಿ. ಅಲ್ಲೂ ಮಾತು ತುಂಬಿದ್ದರೆ ಇಂಗ್ಲಿಷೇ ಇರಲಿ, ಪಕ್ಕದಲ್ಲಿ ಕೂತು ಬೇಕಾದಷ್ಟು ಮಾತ್ರ ಕನ್ನಡದಲ್ಲಿ ಹೇಳಿ.