ಬ್ರಿಟನ್ನಿನ ಪಕ್ಷ, ಚುನಾವಣೆಗಳನ್ನು ಚಿಕ್ಕ ಮಕ್ಕಳಿಗೆ ಹೇಗೆ ಹೇಳಿಕೊಡುವುದು?

ಇಂಗ್ಲೆಂಡಿನಲ್ಲಿ ಭಾನುವಾರದ ಕನ್ನಡ ತರಗತಿ ನಡೆಸುತ್ತೀರಿ, ಮಕ್ಕಳಿಗೆ ಏಳರಿಂದ ಹತ್ತು ವರ್ಷ, ಇಲ್ಲಿನ ಪಕ್ಷ, ಚುನಾವಣೆ ಅಂದರೆ ಏನು ಅಂತ ಕೇಳುತ್ತಾರೆ, ಎಲ್ಲಿಂದ ಶುರು ಮಾಡಲಿ ಅಂದಿದ್ದೀರಿ. ನಾನು ಇಲ್ಲಿನ ಪ್ರಾಥಮಿಕ ಶಾಲೆಯೊಂದರಲ್ಲಿ ಸಹಾಯಕ ಶಿಕ್ಷಕಿ. 2024ರ ಚುನಾವಣೆ ಹೊತ್ತಿಗೆ ಇದೇ ವಯಸ್ಸಿನ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಏನು ಕೆಲಸಕ್ಕೆ ಬಂತೋ ಅದನ್ನಷ್ಟೇ ಬರೆಯುತ್ತೇನೆ.

ಪಕ್ಷಗಳ ಹೆಸರಿನಿಂದ ಶುರು ಮಾಡಬೇಡಿ. ಲೇಬರ್, ಕನ್ಸರ್ವೇಟಿವ್ ಅಂತ ಬೋರ್ಡಿನ ಮೇಲೆ ಬರೆದ ತಕ್ಷಣ ಮಕ್ಕಳು ಮನೆಯಲ್ಲಿ ಕೇಳಿದ್ದನ್ನು ಹೇಳತೊಡಗುತ್ತಾರೆ. 'ಅವರು ಒಳ್ಳೆಯವರು, ಇವರು ಕೆಟ್ಟವರು' ಅನ್ನುವಲ್ಲಿಗೆ ಪಾಠ ನಿಂತುಬಿಡುತ್ತದೆ. ಮೊದಲು ಓಟು ಹಾಕಿಸಿ, ಎಣಿಸಿ.

ಹದಿನೈದು ಮಕ್ಕಳಿದ್ದಾರೆ ಅಂದುಕೊಳ್ಳಿ. ಐದೈದು ಜನರ ಮೂರು ಗುಂಪು ಮಾಡಿ, ಮೂರು ಮೇಜಿಗೆ ಕೂರಿಸಿ. ಒಂದೊಂದು ಮೇಜೂ ಒಂದೊಂದು ಕ್ಷೇತ್ರ. ಮಾವಿನಹಣ್ಣಿನ ಪಕ್ಷ, ಬಾಳೆಹಣ್ಣಿನ ಪಕ್ಷ ಅಂತ ಎರಡೇ ಸಾಕು. ಮೊದಲ ಸಲ ಅವರಿಷ್ಟದಂತೆ ಹಾಕಲಿ. ಎರಡನೇ ಸಲ ನೀವೇ ಬರೆದ ಚೀಟಿ ಹಂಚಿ. ಮೊದಲ ಎರಡು ಮೇಜಿನಲ್ಲಿ ಮಾವಿಗೆ ಮೂರು, ಬಾಳೆಗೆ ಎರಡು. ಮೂರನೇ ಮೇಜಿನಲ್ಲಿ ಐದೂ ಬಾಳೆಗೆ. ಈಗ ಗಟ್ಟಿಯಾಗಿ ಎಣಿಸಿ. ಬಾಳೆಗೆ ಒಟ್ಟು ಒಂಬತ್ತು ಓಟು, ಮಾವಿಗೆ ಆರೇ. ಆದರೆ ಎರಡು ಮೇಜು ಗೆದ್ದದ್ದು ಮಾವು. ಸರ್ಕಾರ ಮಾವಿನದ್ದು!

ನಮ್ಮ ತರಗತಿಯಲ್ಲಿ ಆಗ ಎದ್ದ ಗಲಾಟೆ ನನಗಿನ್ನೂ ನೆನಪಿದೆ. 'ಇದು ಮೋಸ' ಅಂತ ಒಬ್ಬಳು ಕುರ್ಚಿ ಬಿಟ್ಟೇ ಎದ್ದಳು. 'ಇಲ್ಲ, ನಮ್ಮ ಮೇಜಿನಲ್ಲಿ ನಾವು ಗೆದ್ದಿದ್ದೇವೆ' ಅಂತ ಇನ್ನೊಬ್ಬ. ಈ ಜಗಳವೇ ಪಾಠ. ಯಾರು ಸರಿ ಅಂತ ನೀವು ತೀರ್ಪು ಕೊಡಲು ಹೋಗಬೇಡಿ. ದೊಡ್ಡವರೇ ಈ ದೇಶದಲ್ಲಿ ಇದರ ಬಗ್ಗೆ ಇನ್ನೂ ವಾದ ಮಾಡುತ್ತಿದ್ದಾರೆ.

ಅದಾದ ಮೇಲೆ ನಿಜವಾದ ಲೆಕ್ಕ ಹೇಳಿ. ದೇಶದಲ್ಲಿ 650 ಮೇಜುಗಳಿವೆ, ಒಂದೊಂದರಿಂದ ಒಬ್ಬ ಎಂಪಿ. 2024ರಲ್ಲಿ ಲೇಬರ್‌ಗೆ ನೂರರಲ್ಲಿ ಸುಮಾರು 34 ಓಟು ಬಿತ್ತು, ಸೀಟು 411. ರಿಫಾರ್ಮ್ ಪಕ್ಷಕ್ಕೆ ನೂರಕ್ಕೆ ಸುಮಾರು 14, ಸೀಟು ಬರೀ 5. ಲಿಬರಲ್ ಡೆಮಾಕ್ರಟ್‌ಗೆ ಅದಕ್ಕಿಂತ ಕಡಿಮೆ, ಸುಮಾರು 12, ಆದರೆ ಸೀಟು 72. ಯಾಕೆ? ರಿಫಾರ್ಮ್ ಓಟು ಊರೆಲ್ಲಾ ಚೆಲ್ಲಿತ್ತು, ಲಿಬರಲ್ ಡೆಮಾಕ್ರಟ್ ಓಟು ಬೇಕಾದ ಕಡೆ ಗುಡ್ಡೆಯಾಗಿತ್ತು. ಮೇಜಿನ ಆಟ ಆಡಿದ ಮಗುವಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಬಾಳೆಹಣ್ಣಿಗೆ ಆದದ್ದು ನಿಜವಾಗಿಯೂ ಆಗಿತ್ತಾ ಅಂತ ಕೇಳಿದರೆ 1951 ಹೇಳಿ. ಆ ವರ್ಷ ಓಟು ಜಾಸ್ತಿ ಬಂದದ್ದು ಲೇಬರ್‌ಗೆ, ಪ್ರಧಾನಿಯಾದದ್ದು ಕನ್ಸರ್ವೇಟಿವ್ ಪಕ್ಷದ ಚರ್ಚಿಲ್. ನಮ್ಮ ಲೋಕಸಭೆಯ ಓಟಿನ ಲೆಕ್ಕವೂ ಇದೇ ಪದ್ಧತಿಯದ್ದು. ಅಪ್ಪ ಅಮ್ಮಂದಿರಿಗೆ ವಿವರಿಸುವುದು ಸುಲಭ.

ಈಗ ಪಕ್ಷಗಳು. ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. 'ಲೇಬರ್ ಬಡವರದ್ದು, ಕನ್ಸರ್ವೇಟಿವ್ ಶ್ರೀಮಂತರದ್ದು' ಅಂತ ಒಂದೇ ಸಾಲಿನಲ್ಲಿ ಮುಗಿಸಬೇಡಿ. ನಾನು ಒಂದು ಹುಂಡಿ ಇಟ್ಟುಕೊಂಡು ಕೇಳಿದೆ. ಇದು ಎಲ್ಲರ ಹುಂಡಿ, ಆಸ್ಪತ್ರೆ, ಶಾಲೆ, ರಸ್ತೆ ಎಲ್ಲಾ ಇದರಿಂದಲೇ ಆಗಬೇಕು. ಯಾರು ಎಷ್ಟು ಹಾಕಬೇಕು? ಮೊದಲು ಯಾವುದಕ್ಕೆ ತೆಗೆಯಬೇಕು? ಮಕ್ಕಳು ತಾವೇ ಎರಡು ಮೂರು ಗುಂಪಾದರು. ಒಂದೇ ಥರ ಯೋಚಿಸುವವರು ಒಟ್ಟಿಗೆ ಸೇರಿದರೆ ಅದೇ ಪಕ್ಷ, ಅಷ್ಟೇ ಅಲ್ವಾ? ಆಮೇಲೆ ಬಣ್ಣ ಹೇಳಿ. ಲೇಬರ್ ಕೆಂಪು, ಗುರುತು ಗುಲಾಬಿ. ಅದು ಹುಟ್ಟಿದ್ದೇ ಕಾರ್ಮಿಕ ಸಂಘಗಳಿಂದ, 1900ರಲ್ಲಿ. ಕನ್ಸರ್ವೇಟಿವ್ ನೀಲಿ, ಓಕ್ ಮರ, ಅದಕ್ಕಿಂತ ಹಳೆಯದು. ಲಿಬರಲ್ ಡೆಮಾಕ್ರಟ್‌ಗೆ ಹಕ್ಕಿ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿಗೆ ಅವರವರದೇ ಪ್ರಾದೇಶಿಕ ಪಕ್ಷಗಳಿವೆ. ಇಷ್ಟು ಸಾಕು. ಪಾರ್ಲಿಮೆಂಟಿನ ಮೇಲ್ಮನೆ, ಅಂದರೆ ಹೌಸ್ ಆಫ್ ಲಾರ್ಡ್ಸ್ ಎಲ್ಲಾ ಈ ವಯಸ್ಸಿಗೆ ಬೇಡ.

'ಟೀಚರ್, ನೀವು ಯಾರಿಗೆ ಹಾಕಿದಿರಿ?' ಅಂತ ಖಂಡಿತ ಕೇಳುತ್ತಾರೆ. ಇಲ್ಲಿನ ಶಾಲೆಗಳಲ್ಲಿ ಯಾವ ಪಕ್ಷದ ಪರವಾಗಿಯೂ ಪಾಠ ಮಾಡಬಾರದು ಅಂತ ಕಾನೂನೇ ಇದೆ. ನಿಮ್ಮದು ಭಾನುವಾರದ ತರಗತಿಯಾದರೂ ಹೇಳದಿರುವುದೇ ಒಳ್ಳೆಯದು. ನಾನು ಅದರ ಬದಲು ಪಾಂಟೆಫ್ರ್ಯಾಕ್ಟ್ ಕಥೆ ಹೇಳಿದೆ. ಮೊದಲೆಲ್ಲಾ ಎಲ್ಲರೆದುರು ಬಾಯಿಬಿಟ್ಟು ಹೇಳಿ ಓಟು ಹಾಕಬೇಕಿತ್ತು. ಜಮೀನ್ದಾರ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರೆ? 1872ರಲ್ಲಿ ಗುಟ್ಟಿನ ಮತದಾನದ ಕಾನೂನು ಬಂತು. ಅದರಂತೆ ಪಾರ್ಲಿಮೆಂಟಿಗೆ ಮೊದಲ ಚುನಾವಣೆ ನಡೆದದ್ದು ಯಾರ್ಕ್‌ಶೈರಿನ ಪಾಂಟೆಫ್ರ್ಯಾಕ್ಟ್ ಊರಿನಲ್ಲಿ. ಆ ಊರು ಜ್ಯೇಷ್ಠಮಧುವಿನ ಮಿಠಾಯಿಗೆ ಹೆಸರುವಾಸಿ. ಮತಪೆಟ್ಟಿಗೆಗೆ ಅರಗಿನ ಮುದ್ರೆ ಒತ್ತಿದ್ದೂ ಮಿಠಾಯಿ ಕಾರ್ಖಾನೆಯ ಅಚ್ಚಿನಿಂದಲೇ! ಈ ಕಥೆ ಕೇಳಿದ ಮೇಲೆ ಯಾರೂ ನನ್ನ ಓಟಿನ ಬಗ್ಗೆ ಕೇಳಲಿಲ್ಲ. ಎಲ್ಲರೂ ಚೀಟಿಯನ್ನು ಮಡಚಿ ಮಡಚಿ ಹಾಕಿದರು.

ನಮ್ಮ ಮಕ್ಕಳಿಂದ ಇನ್ನೊಂದು ಪ್ರಶ್ನೆ ಬರುತ್ತದೆ. ರಿಷಿ ಸುನಕ್ ಬೆಂಗಳೂರಿನ ನಾರಾಯಣ ಮೂರ್ತಿ, ಸುಧಾ ಮೂರ್ತಿ ಅವರ ಅಳಿಯ ಅಂತ ಮನೆಯಲ್ಲಿ ಕೇಳಿರುತ್ತಾರೆ. 2022ರಲ್ಲಿ ಚುನಾವಣೆಯೇ ಇಲ್ಲದೆ ಅವರು ಪ್ರಧಾನಿಯಾದದ್ದು ಹೇಗೆ? ಇದು ತುಂಬಾ ಒಳ್ಳೆಯ ಪ್ರಶ್ನೆ. ಪ್ರಧಾನಿಗೆ ಅಂತ ಯಾರೂ ನೇರವಾಗಿ ಓಟು ಹಾಕುವುದಿಲ್ಲ. ಸುನಕ್ ಆಗ ಯಾರ್ಕ್‌ಶೈರಿನ ರಿಚ್ಮಂಡ್ ಮೇಜಿನ ಎಂಪಿ. ಹೆಚ್ಚು ಮೇಜು ಗೆದ್ದಿದ್ದ ಅವರ ಕನ್ಸರ್ವೇಟಿವ್ ಪಕ್ಷ ನಾಯಕನನ್ನು ಬದಲಾಯಿಸಿತು, ಪ್ರಧಾನಿಯೂ ಬದಲಾದರು. 2024ರ ಜುಲೈ 4ರಂದು ಮತದಾನ. ಮಾರನೇ ದಿನವೇ ಸುನಕ್ ರಾಜೀನಾಮೆ ಕೊಟ್ಟು ಹೊರಟರು, ಲೇಬರ್ ಪಕ್ಷದ ಕೀರ್ ಸ್ಟಾರ್ಮರ್ ಬಂದರು. ಯಾರು ಬಂದರೂ ಹೋದರೂ ಪ್ರಧಾನಿಯ ಮನೆಯಿರುವ ಡೌನಿಂಗ್ ಸ್ಟ್ರೀಟಿನ ಲ್ಯಾರಿ ಬೆಕ್ಕು ಮಾತ್ರ 2011ರಿಂದ ಅಲ್ಲೇ ಇತ್ತು. ಮಕ್ಕಳಿಗೆ ಪ್ರಧಾನಿಗಳ ಸಾಲು ನೆನಪಿಡಲು ಲ್ಯಾರಿಗಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.

ಕೊನೆಗೆ ಅಪ್ಪ ಅಮ್ಮಂದಿರಿಗೆ ಒಂದು ಮಾತು ಮುಟ್ಟಿಸಿ. ಭಾರತದ ಪಾಸ್‌ಪೋರ್ಟ್ ಇದ್ದರೂ, ಕಾಮನ್‌ವೆಲ್ತ್ ದೇಶದವರು ಅಂತ, ವೀಸಾ ಮೇಲೆ ಇಲ್ಲಿ ವಾಸವಾಗಿರುವ ನಮ್ಮವರು ಓಟು ಹಾಕಬಹುದು. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಮೊದಲು ಪಟ್ಟಿಯಲ್ಲಿ ಹೆಸರು ಸೇರಿಸಬೇಕು. ಮತಗಟ್ಟೆ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ತೆರೆದಿರುತ್ತದೆ, ಫೋಟೋ ಇರುವ ಗುರುತಿನ ದಾಖಲೆಯಾಗಿ ಪಾಸ್‌ಪೋರ್ಟ್ ತೆಗೆದುಕೊಂಡು ಹೋದರಾಯಿತು. ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಲಿ. ಇಲ್ಲಿ ಯಂತ್ರವಿಲ್ಲ, ಬೆರಳಿಗೆ ಶಾಯಿಯಿಲ್ಲ. ದಾರ ಕಟ್ಟಿದ ಒಂದು ಪೆನ್ಸಿಲ್ಲು, ಒಂದು ಕಾಗದ. ಗುರುತು ಮಾತ್ರ ದೊಡ್ಡವರೇ ಹಾಕಬೇಕು.