ವಾಹನ ಪ್ರಶ್ನೋತ್ತರ: ಟರ್ಬೊ ಕಾರಿಗೆ ಆಯಿಲ್ ಕೂಲರ್

ಪ್ರಶ್ನೆ: ನನ್ನದು ಎರಡು ಲೀಟರಿನ ಟರ್ಬೊ ಪೆಟ್ರೋಲ್ ಸ್ಪೋರ್ಟ್ಸ್ ಕಾರು, ರಿಮ್ಯಾಪ್ (ಶಕ್ತಿ ಹೆಚ್ಚಲು ಎಂಜಿನ್ ಸಾಫ್ಟ್‌ವೇರ್ ಬದಲಾವಣೆ) ಮಾಡಿಸಿದ್ದೇನೆ. ಉಡುಪಿ–ಮಣಿಪಾಲ ಓಡಾಟದಲ್ಲಿ ಎಂಜಿನ್ ಆಯಿಲ್‌ನ ಬಿಸಿ 95 ಡಿಗ್ರಿ ದಾಟುವುದಿಲ್ಲ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಮಾತ್ರ 132ಕ್ಕೆ ಏರುತ್ತದೆ. ಗ್ಯಾರೇಜಿನವರು 25 ಸಾಲಿನ (ಆಯಿಲ್ ಹರಿಯುವ 25 ಕೊಳವೆ ಸಾಲುಗಳ) ಕೂಲರ್ ಹಾಕಿಸಿ ಎನ್ನುತ್ತಾರೆ. ಏನೇನು ಬೇಕು, ಎಲ್ಲಿ ಕೂರಿಸಬೇಕು? ಫಿಲ್ಟರ್ ಹೊರಗಿನಿಂದ ತಿರುಗಿಸಿ ಹಾಕುವಂಥದ್ದು. – ಓದುಗರು, ಮಣಿಪಾಲ

ಉತ್ತರ: ಕೂಲರ್ ಹಾಕಿಸಬಹುದು, ಆದರೆ 25 ಸಾಲು ಬೇಡ. 132 ಡಿಗ್ರಿ ಎಂದರೆ ಒಳ್ಳೆಯ ಸಿಂಥೆಟಿಕ್ ಆಯಿಲ್ ಆ ಕ್ಷಣಕ್ಕೆ ತಡೆದುಕೊಳ್ಳುವ ಮಟ್ಟವೇ. ಪದೇ ಪದೇ ಅಲ್ಲಿಗೆ ಹೋದರೆ ಆಯಿಲ್ ಬೇಗ ಹಳಸುತ್ತದೆ, ಬೇರಿಂಗಿನ ಮೇಲಿನ ಆಯಿಲ್ ಪದರ ತೆಳುವಾಗುತ್ತದೆ. ಇದಕ್ಕೆ ಪರಿಹಾರ ಬೇಕು, ನಿಜ. ಆದರೆ ವರ್ಷದ ಹೆಚ್ಚಿನ ದಿನ ನಿಮ್ಮ ಕಾರು ಊರೊಳಗೇ ಓಡುತ್ತದೆ. ಘಾಟಿಯ ಸ್ವಲ್ಪ ಹೊತ್ತಿಗಾಗಿ ಉಳಿದ ದಿನಗಳಲ್ಲಿ ಆಯಿಲ್ ತಣ್ಣಗಿರುವ ಹಾಗೆ ಮಾಡಿಕೊಂಡರೆ ನಷ್ಟವೇ ಹೆಚ್ಚು. ಆಯಿಲ್ 80 ಡಿಗ್ರಿಯ ಕೆಳಗೇ ಉಳಿದರೆ ಅದಕ್ಕೆ ಸೇರಿದ ಪೆಟ್ರೋಲೂ ನೀರಿನ ಪಸೆಯೂ ಆರಿಹೋಗುವುದಿಲ್ಲ. ನಮ್ಮ ಕರಾವಳಿಯ ಮಳೆಗಾಲದಲ್ಲಿ, ಹತ್ತು ನಿಮಿಷದ ಓಡಾಟದಲ್ಲಿ, ಆಯಿಲ್ ಮುಚ್ಚಳದ ಒಳಗೆ ಕೆನೆಯಂಥ ಬಿಳಿ ಲೋಳೆ ಕಟ್ಟುವುದು ಹೀಗೆಯೇ. ಡೈರೆಕ್ಟ್ ಇಂಜೆಕ್ಷನ್ ಟರ್ಬೊಗಳಲ್ಲಿ ಪೆಟ್ರೋಲ್ ಬೆರೆಯುವುದು ಇನ್ನೂ ಜಾಸ್ತಿ.

ಹಾಗಾಗಿ ಥರ್ಮೋಸ್ಟ್ಯಾಟ್ (ಬಿಸಿಯಾದಾಗ ತೆರೆಯುವ ಕವಾಟ) ಇರುವ ಸ್ಯಾಂಡ್‌ವಿಚ್ ಪ್ಲೇಟನ್ನೇ ಕೊಳ್ಳಿ; ಎಂಜಿನ್ ಮತ್ತು ಫಿಲ್ಟರ್ ನಡುವೆ ಕೂತು ಆಯಿಲನ್ನು ಕೂಲರಿಗೆ ಕಳಿಸುವ ತಟ್ಟೆ ಅದು. ಥರ್ಮೋಸ್ಟ್ಯಾಟ್ ಇಲ್ಲದ್ದು ಅಗ್ಗಕ್ಕೆ ಸಿಕ್ಕಿದರೂ ಬೇಡ. ಥರ್ಮೋಸ್ಟ್ಯಾಟ್ 80ರಿಂದ 85 ಡಿಗ್ರಿಯಲ್ಲಿ ತೆರೆದುಕೊಳ್ಳುತ್ತದೆ. ಅಲ್ಲಿಯವರೆಗೆ ಸ್ವಲ್ಪವೇ ಆಯಿಲ್ ಕೂಲರಿಗೆ ಹರಿಯುತ್ತದೆ. ನಿಮ್ಮ ಬಳಕೆಗೆ 16ರಿಂದ 19 ಸಾಲಿನ, 235 ಮಿ.ಮೀ. ಅಗಲದ ಕೂಲರ್ ಸಾಕು. ಎಂಜಿನ್‌ಗೆ ಕಂಪನಿಯವರೇ ಕೊಟ್ಟ, ಕೂಲಂಟ್ ಹರಿಯುವ ಚಿಕ್ಕ ಆಯಿಲ್ ಕೂಲರ್ ಇದ್ದರೆ ಅದನ್ನು ತೆಗೆಸಬೇಡಿ. ಬೆಳಿಗ್ಗೆ ಆಯಿಲನ್ನು ಬೇಗ ಬಿಸಿ ಮಾಡುವುದೂ ಅದೇ.

ದುಡ್ಡು ಹಾಕುವ ಮೊದಲು ಒಂದು ಕೆಲಸ ಮಾಡಿ. ಎಸಿ ಕಂಡೆನ್ಸರ್ ಮತ್ತು ರೇಡಿಯೇಟರಿನ ನಡುವೆ ಟಾರ್ಚ್ ಬಿಟ್ಟು ನೋಡಿ. ಹುಳ, ತರಗೆಲೆ, ಕೆಂಪು ಮಣ್ಣು ಸೇರಿ ಅರ್ಧ ಮುಚ್ಚಿರುವುದು ಇಲ್ಲಿನ ಕಾರುಗಳಲ್ಲಿ ಸಾಮಾನ್ಯ. ಕೂಲಂಟೇ ಬಿಸಿಯಾದರೆ ಆಯಿಲೂ ಬಿಸಿಯಾಗುತ್ತದೆ. ಫ್ಯಾನ್ ಎರಡೂ ವೇಗದಲ್ಲಿ ತಿರುಗುತ್ತದೆಯೇ ಎಂದೂ ನೋಡಿ. ಇದನ್ನೆಲ್ಲ ಸರಿಮಾಡಿದ ಮೇಲೂ ಘಾಟಿಯಲ್ಲಿ 125 ದಾಟಿದರೆ ಕೂಲರ್ ಕೊಳ್ಳಿ.

ಜಾಗದ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಫಾಗ್ ಲ್ಯಾಂಪ್ ಹಿಂದೆ, ಚಕ್ರದ ಮುಂದೆ ಕೂರಿಸಿದ ಕೂಲರ್ ನೋಡಲು ಅಚ್ಚುಕಟ್ಟು. ಅದು ರೇಸ್ ಟ್ರ್ಯಾಕಿನಲ್ಲಿ ಗಂಟೆಗೆ 100 ಕಿ.ಮೀ. ಮೇಲೆ ಓಡುವ ಕಾರಿಗೆ ಹೊಂದುತ್ತದೆ. ಆಗುಂಬೆಯ ತಿರುವುಗಳಲ್ಲಿ ವೇಗ 20–30; ಎಂಜಿನ್ ಮಾತ್ರ ಪೂರ್ತಿ ಬೂಸ್ಟಿನಲ್ಲಿ ದುಡಿಯುತ್ತಿರುತ್ತದೆ. ಆ ವೇಗದಲ್ಲಿ ಫಾಗ್ ಲ್ಯಾಂಪ್ ಕಿಂಡಿಯಿಂದ ಗಾಳಿ ಹೆಸರಿಗೆ ಮಾತ್ರ ಬರುತ್ತದೆ. ಕೂಲರನ್ನು ಗ್ರಿಲ್ ಹಿಂದೆ, ರೇಡಿಯೇಟರ್ ಫ್ಯಾನ್ ಗಾಳಿ ಎಳೆಯುವ ಜಾಗದಲ್ಲೇ ಕೂರಿಸಿ. ಟರ್ಬೊದಿಂದ ಎಂಜಿನ್‌ಗೆ ಹೋಗುವ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಮುಂದೆ ಮಾತ್ರ ಬೇಡ. ಬಿಸಿ ಗಾಳಿ ಅದರೊಳಗೆ ನುಗ್ಗಿದರೆ ಶಕ್ತಿಯೇ ಇಳಿಯುತ್ತದೆ. ಜಾಗವೇ ಇಲ್ಲವೆಂದು ಪಕ್ಕದಲ್ಲಿ ಕೂರಿಸಬೇಕಾಗಿ ಬಂದರೆ 12 ವೋಲ್ಟಿನ ತೆಳು ಫ್ಯಾನ್ ಹಾಕಿಸಿ, ಬಿಸಿ ಗಾಳಿ ಹೊರಹೋಗಲು ವೀಲ್ ಲೈನರಿನಲ್ಲಿ ಕಿಂಡಿ ಕೊಯ್ಯಿಸಿ. ಹೊರಹೋಗುವ ದಾರಿ ಇಲ್ಲದಿದ್ದರೆ ಮುಂದಿನ ಡಕ್ಟ್ ಎಷ್ಟೇ ದೊಡ್ಡದಿದ್ದರೂ ಪ್ರಯೋಜನವಿಲ್ಲ.

ಕೂಲರಿನ ಎರಡು ಬಾಯಿಗಳು ಮೇಲ್ಮುಖವಾಗಿರಲಿ. ಅಡ್ಡಡ್ಡ ಕೂರಿಸುವುದಾದರೆ ಆಯಿಲ್ ಕೆಳಗಿನ ಬಾಯಿಯಿಂದ ಒಳಬಂದು ಮೇಲಿನಿಂದ ಹೊರಹೋಗಬೇಕು. ಬಾಯಿ ಕೆಳಗಿದ್ದರೆ ಗಾಳಿ ಒಳಗೇ ಉಳಿದು ಮೇಲಿನ ಸಾಲುಗಳು ಕೆಲಸ ಮಾಡುವುದಿಲ್ಲ. ಬ್ರಾಕೆಟ್‌ಗೆ ನೇರ ಬೋಲ್ಟ್ ಹಾಕದೆ ನಾಲ್ಕು ಮೂಲೆಗೂ ಎಂ6 ರಬ್ಬರ್ ಮೌಂಟ್ ಕೊಡಿ. ಗಟ್ಟಿಯಾಗಿ ಬಿಗಿದ ಕೂಲರ್ ನಡುಕಕ್ಕೆ ಮೂಲೆಯಲ್ಲೇ ಬಿರುಕು ಬಿಡುತ್ತದೆ.

ಹೋಸ್ ಎಎನ್-10 (ಹೋಸ್, ಫಿಟ್ಟಿಂಗುಗಳ ಗಾತ್ರದ ಸಂಖ್ಯೆ) ಅಳತೆಯದ್ದಿರಲಿ, ಒಳ ವ್ಯಾಸ ಸುಮಾರು 14 ಮಿ.ಮೀ. ರಬ್ಬರ್ ಒಳಪದರದ ಹೋಸಿಗೂ ಟೆಫ್ಲಾನ್ ಹೋಸಿಗೂ ಫಿಟ್ಟಿಂಗ್ ಬೇರೆ ಬೇರೆ. ಒಂದರದ್ದು ಇನ್ನೊಂದಕ್ಕೆ ಕೂರಿಸಿದರೆ ಬಿಸಿಯಾದಾಗ ಕಳಚಿಕೊಳ್ಳುತ್ತದೆ. ಕತ್ತರಿಸುವ ಜಾಗಕ್ಕೆ ಟೇಪ್ ಬಿಗಿಯಾಗಿ ಸುತ್ತಿ, ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡಿನಿಂದ ನೇರವಾಗಿ ಕೊಯ್ಯಿರಿ, ಪುಡಿ ಉಳಿಯದಂತೆ ಒಳಗೆ ಗಾಳಿ ಊದಿ. ಫಿಟ್ಟಿಂಗಿನ ಸಾಕೆಟ್‌ನೊಳಗೆ ಹೋಸ್ ತುಂಬಿದ ಮೇಲೆ ಅದರ ಅಂಚಿನಲ್ಲಿ ಮಾರ್ಕರ್ ಗೆರೆ ಎಳೆಯಿರಿ. ಬಿಗಿ ಮಾಡುವಾಗ ಗೆರೆ ಹಿಂದಕ್ಕೆ ಸರಿದರೆ ಹೋಸ್ ಹೊರಬರುತ್ತಿದೆ ಎಂದರ್ಥ, ಬಿಚ್ಚಿ ಮತ್ತೆ ಮಾಡಿ. ಸ್ಟೀಲ್ ಹೆಣಿಗೆಯ ಹೋಸ್ ತಾಗಿದ್ದನ್ನೆಲ್ಲ ಅರದ ಹಾಗೆ ಉಜ್ಜಿ ತಿನ್ನುತ್ತದೆ, ಆದ್ದರಿಂದ ಸ್ಲೀವ್ ಹಾಕಿ ಕ್ಲಿಪ್ ಕೊಡಿ. ಟರ್ಬೊ ಮತ್ತು ಡೌನ್‌ಪೈಪಿನಿಂದ (ಟರ್ಬೊದಿಂದ ಹೊಗೆ ಹೊರಹೋಗುವ ಕೊಳವೆ) ಕನಿಷ್ಠ 75 ಮಿ.ಮೀ. ದೂರವಿರಲಿ. ಎಂಜಿನ್ ತನ್ನ ಮೌಂಟಿನ ಮೇಲೆ ಅಲುಗಾಡುತ್ತದೆ, ಅದಕ್ಕಾಗಿ ಹೋಸನ್ನು ತುಸು ಸಡಿಲ ಬಿಡಿ.

ಪ್ಲೇಟ್ ಹಾಕುವಾಗ ಹಳೆಯ ಫಿಲ್ಟರಿನ ರಬ್ಬರ್ ಬಳೆ ಎಂಜಿನ್ ಬ್ಲಾಕಿಗೆ ಅಂಟಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಿ. ಅದು ಉಳಿದು ಮೇಲೊಂದು ಕೂತರೆ, ಮೊದಲ ಸಲ ಒತ್ತಡ ಏರಿದಾಗಲೇ ಸಿಡಿದು ಆಯಿಲೆಲ್ಲ ನೆಲಕ್ಕೆ ಬೀಳುತ್ತದೆ. ಹೊಸ ಓ-ರಿಂಗಿಗೆ ಆಯಿಲ್ ಸವರಿ, ನಡುವಿನ ಬೋಲ್ಟನ್ನು ಪ್ಲೇಟ್ ತಯಾರಕರು ಕೊಟ್ಟ ಟಾರ್ಕಿಗೇ ಬಿಗಿಯಿರಿ. ಪ್ಲೇಟಿನ ದಪ್ಪದಷ್ಟು ಫಿಲ್ಟರ್ ಕೆಳಗಿಳಿಯುತ್ತದೆ. ಆಕ್ಸಲ್‌ಗೆ, ಸಬ್‌ಫ್ರೇಮಿಗೆ ತಾಗದಂತೆ ಮೊದಲೇ ಅಳೆಯಿರಿ.

ಒಣ ಕೂಲರ್ ಇಟ್ಟುಕೊಂಡು ಎಂಜಿನ್ ಶುರು ಮಾಡಲೇಬೇಡಿ. ಮೊದಲು ಕೂಲರಿಗೆ ಆಯಿಲ್ ತುಂಬಿ. ಎಂಜಿನ್ ಶುರುವಾಗದಂತೆ ಇಂಜೆಕ್ಟರ್ ಫ್ಯೂಸ್ ತೆಗೆದು, ಹತ್ತು ಸೆಕೆಂಡಿನಷ್ಟು ಕ್ರ್ಯಾಂಕ್ ಮಾಡಿ, ಬಿಟ್ಟು, ಮತ್ತೆ ಮಾಡಿ. ಆಯಿಲ್ ದೀಪ ಆರಿದ ಮೇಲೆ ಫ್ಯೂಸ್ ಹಾಕಿ ಐಡಲ್‌ನಲ್ಲಿ ಎರಡು ಮೂರು ನಿಮಿಷ ಬಿಡಿ, ಪ್ರತಿ ಜೋಡಣೆಗೂ ಟಿಶ್ಯೂ ಒತ್ತಿ ನೋಡಿ. ಆಯಿಲ್ 90 ಡಿಗ್ರಿ ಮುಟ್ಟುವವರೆಗೆ ಓಡಿಸಿ ಬಂದು, ಐದು ನಿಮಿಷ ನಿಲ್ಲಿಸಿ, ಡಿಪ್‌ಸ್ಟಿಕ್ ಮತ್ತೊಮ್ಮೆ ನೋಡಿ. ಥರ್ಮೋಸ್ಟ್ಯಾಟ್ ತೆರೆದ ಮೇಲೇ ನಿಜವಾದ ಮಟ್ಟ ಗೊತ್ತಾಗುವುದು. ಕೂಲರಿಗೆ ಸುಮಾರು ಅರ್ಧ ಲೀಟರ್, ಎಎನ್-10 ಹೋಸಿಗೆ ಮೀಟರಿಗೆ 160 ಮಿ.ಲೀ.; ಎರಡು ಮೀಟರ್ ಹೋಸ್ ಇದ್ದರೆ ಒಟ್ಟು 800 ಮಿ.ಲೀ. ಆಸುಪಾಸು ಹೆಚ್ಚು ಬೇಕು.

ಇನ್ನೊಂದು ಮಾತು. ಆಗುಂಬೆಯ ಸೂರ್ಯಾಸ್ತ ನೋಡುವ ಕಟ್ಟೆ ಏರು ಮುಗಿಯುವಲ್ಲೇ ಇದೆ. ಅಲ್ಲಿ ನಿಲ್ಲಿಸಿದ ತಕ್ಷಣ ಎಂಜಿನ್ ಆಫ್ ಮಾಡಬೇಡಿ, ಒಂದೆರಡು ನಿಮಿಷ ಐಡಲ್‌ನಲ್ಲಿರಲಿ. ಟರ್ಬೊ ಬೇರಿಂಗಿನಲ್ಲಿ ನಿಂತ ಆಯಿಲ್ ಸುಟ್ಟು ಕರಿ ಕಟ್ಟುವುದನ್ನು ಯಾವ ಕೂಲರೂ ತಡೆಯುವುದಿಲ್ಲ.

ಪ್ರಶ್ನೆ: ಕೂಲರ್ ಹಾಕಿಸಿ ಸ್ವಲ್ಪ ದಿನವಾಯಿತು. ಕೂಲರಿನ ಬಾಯಿಯಲ್ಲಿ ಆಯಿಲ್ ಜಿನುಗುತ್ತಿದೆ. ನಲ್ಲಿಗೆ ಸುತ್ತುವ ಬಿಳಿ ಟೇಪ್ ಸುತ್ತಿ ಬಿಗಿ ಮಾಡಿಸಿದರೂ ನಿಲ್ಲುವುದಿಲ್ಲ. – ಓದುಗರು, ಸುರತ್ಕಲ್

ಉತ್ತರ: ಬಿಗಿ ಮಾಡುವುದನ್ನು ನಿಲ್ಲಿಸಿ, ಕಾರನ್ನೂ ಓಡಿಸಬೇಡಿ. ಕೂಲರಿನ ಬಾಯಿಯ ಮತ್ತು ಫಿಟ್ಟಿಂಗಿನ ಥ್ರೆಡ್ ಬೇರೆ ಬೇರೆ ಇರುವ ಸಂಭವ ಹೆಚ್ಚು. ಮಾರುಕಟ್ಟೆಯ ಕೂಲರುಗಳಲ್ಲಿ ಮೂರು ಬಗೆಯ ಬಾಯಿ ಇವೆ, ಕಣ್ಣಿಗೆ ಮೂರೂ ಒಂದೇ. ಎಎನ್-10 ಎಂದರೆ 7/8 ಯುಎನ್‌ಎಫ್ (ಅಮೆರಿಕದ ಥ್ರೆಡ್ ಅಳತೆ): ಹೊರ ವ್ಯಾಸ 22.2 ಮಿ.ಮೀ., ಇಂಚಿಗೆ 14 ಸುತ್ತು. 5/8 ಬಿಎಸ್‌ಪಿ (ಬ್ರಿಟಿಷ್ ಪೈಪ್ ಥ್ರೆಡ್): 22.9 ಮಿ.ಮೀ., ಅದಕ್ಕೂ ಇಂಚಿಗೆ 14 ಸುತ್ತೇ, ಆದರೆ ಥ್ರೆಡ್‌ನ ಕೋನ 60 ಅಲ್ಲ, 55 ಡಿಗ್ರಿ. ಮೂರನೆಯದು ಮೆಟ್ರಿಕ್ ಅಳತೆಯ ಎಂ22×1.5. ಯುಎನ್‌ಎಫ್ ಫಿಟ್ಟಿಂಗ್ ಬಿಎಸ್‌ಪಿ ಬಾಯಿಗೆ ಸಲೀಸಾಗಿ ಹೋಗುತ್ತದೆ, ಕೂತ ಹಾಗೂ ಅನಿಸುತ್ತದೆ. ಹಿಡಿದುಕೊಂಡಿರುವುದು ಥ್ರೆಡ್‌ನ ತುದಿ ಮಾತ್ರ. ಬೆಳಿಗ್ಗೆ ತಣ್ಣನೆಯ ಎಂಜಿನ್‌ನಲ್ಲಿ ಆಯಿಲ್ ಒತ್ತಡ 5 ಬಾರ್ ದಾಟಿದಾಗ ಅದು ಕಿತ್ತುಬರಬಹುದು.

ಬಿಚ್ಚಿ ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆಯಿಸಿ, ಥ್ರೆಡ್ ಗೇಜ್ ಇಟ್ಟು ನೋಡಿಸಿ. ಲೇತ್ ಇರುವ ಯಾವ ವರ್ಕ್‌ಶಾಪಿನಲ್ಲೂ ಎರಡೂ ಇರುತ್ತವೆ. ಸರಿಯಾದ ಅಡಾಪ್ಟರ್ ತರಿಸಿ. ಬಾಯಿಯ ಥ್ರೆಡ್ ಕೆಟ್ಟಿದ್ದರೆ ಕೂಲರನ್ನೇ ಬದಲಿಸಿ. ಬಿಗಿಯುವಾಗ ಎರಡು ಸ್ಪ್ಯಾನರ್ ಬೇಕು, ಒಂದು ಕೂಲರಿನ ಬಾಯಿಯನ್ನು ಹಿಡಿದುಕೊಳ್ಳಲು. ಇಲ್ಲದಿದ್ದರೆ ವೆಲ್ಡಿಂಗ್ ತಿರುಚಿ ಬಿಡುತ್ತದೆ. ಆ ಟೇಪನ್ನು ಪೂರ್ತಿ ತೆಗೆಸಿ. ಇಲ್ಲಿ ಸೋರಿಕೆ ತಡೆಯುವುದು ಕೋನ್ ಅಥವಾ ಓ-ರಿಂಗ್, ಥ್ರೆಡ್ ಅಲ್ಲ. ಹರಿದ ಟೇಪಿನ ಎಳೆ ಟರ್ಬೊಗೆ ಆಯಿಲ್ ಹೋಗುವ ಸಣ್ಣ ತೂತಿಗೆ ಸಿಕ್ಕಿಕೊಂಡರೆ ಟರ್ಬೊ ಕತೆ ಮುಗಿಯಿತು. ಟೇಪ್ ಹಾಕಿ ಓಡಿಸಿಯಾಗಿದೆ ಎಂದ ಮೇಲೆ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿಬಿಡಿ.

ಪ್ರಶ್ನೆ: ಮಂಗಳೂರಿನ ಗುಜರಿಯಲ್ಲಿ ಒಳ್ಳೆಯ ಕಂಪನಿಯ ಹಳೆ ಕೂಲರ್ ಕಡಿಮೆ ಬೆಲೆಗೆ ಸಿಗುತ್ತಿದೆ. ತೊಳೆದು ಹಾಕಬಹುದೇ? – ಓದುಗರು, ಬಂಟ್ವಾಳ

ಉತ್ತರ: ಬೇಡ. ಗುಜರಿಗೆ ಬಂದ ಕೂಲರಿನ ಹಿಂದೆ ಬೇರಿಂಗ್ ಹೋದ ಎಂಜಿನ್ ಇದ್ದಿರಬಹುದು. ಆ ಲೋಹದ ಚೂರು ಒಳಗಿನ ತೆಳು ಪಟ್ಟಿಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಪೆಟ್ರೋಲ್, ಡೀಸೆಲ್, ಒತ್ತಡದ ಗಾಳಿ ಯಾವುದಕ್ಕೂ ಪೂರ್ತಿ ಬರುವುದಿಲ್ಲ. ಬಿಸಿ ಆಯಿಲ್ ಹರಿದಾಗ ಒಂದೊಂದಾಗಿ ಸಡಿಲಗೊಂಡು ಹೊರಡುತ್ತದೆ. ಹೆಚ್ಚಿನ ಸ್ಯಾಂಡ್‌ವಿಚ್ ಪ್ಲೇಟುಗಳಲ್ಲಿ ಕೂಲರಿನಿಂದ ಮರಳಿದ ಆಯಿಲ್ ಫಿಲ್ಟರ್ ದಾಟಿಯೇ ಎಂಜಿನ್‌ಗೆ ಹೋಗುತ್ತದೆ ಎಂಬುದೂ ಭರವಸೆಯಲ್ಲ, ಫಿಲ್ಟರ್ ಕಟ್ಟಿಕೊಂಡರೆ ಅದರ ಬೈಪಾಸ್ ವಾಲ್ವ್ ತೆರೆದು ಎಲ್ಲವನ್ನೂ ಒಳಗೆ ಬಿಡುತ್ತದೆ. ಬ್ರಾಕೆಟ್, ಜಾಲರಿ ಬೇಕಾದರೆ ಗುಜರಿಯಿಂದ ತನ್ನಿ.

ಪ್ರಶ್ನೆ: ಮನೆ ಮಲ್ಪೆ ಕಡಲ ಬದಿ. ಅಲ್ಯೂಮಿನಿಯಂ ಕೂಲರ್ ಉಪ್ಪುಗಾಳಿಗೆ ಎಷ್ಟು ಬಾಳುತ್ತದೆ? – ಓದುಗರು, ಮಲ್ಪೆ

ಉತ್ತರ: ಆರೈಕೆಯ ಮೇಲೆ ನಿಂತಿದೆ. ಉಪ್ಪು ಅಲ್ಯೂಮಿನಿಯಂನಲ್ಲಿ ಸೂಜಿಮೊನೆಯಷ್ಟು ಗುಳಿ ತೋಡುತ್ತದೆ. ಸ್ಟೇನ್‌ಲೆಸ್ ಬೋಲ್ಟ್ ನೇರ ತಾಗಿದಲ್ಲಿ ಇನ್ನೂ ಬೇಗ, ಆದ್ದರಿಂದ ನಡುವೆ ನೈಲಾನ್ ವಾಷರ್ ಕೊಡಿ. ವಾರಕ್ಕೊಮ್ಮೆ ಸಿಹಿನೀರನ್ನು ಪೈಪಿನಲ್ಲಿ ಮೆಲ್ಲಗೆ ಬಿಡಿ. ಪ್ರೆಶರ್ ವಾಷರ್ ಹಿಡಿದರೆ ಫಿನ್‌ಗಳು ಮಡಚಿಕೊಂಡು ಗಾಳಿಯ ದಾರಿ ಮುಚ್ಚುತ್ತವೆ. ಕೆಳಗಿನ ಸಾಲಿನಲ್ಲಿ ಬಿಳಿ ಪುಡಿ, ಅದರ ಬದಿಯಲ್ಲಿ ಆಯಿಲ್ ಪಸೆ ಕಂಡರೆ ಬದಲಿಸುವ ಸಮಯ ಬಂದಿದೆ.

ಪ್ರಶ್ನೆ: ಆಯಿಲ್ ಬದಲಿಸುವಾಗ ಪ್ರತಿ ಸಲ ಕೂಲರನ್ನೂ ಖಾಲಿ ಮಾಡಬೇಕೇ? – ಓದುಗರು, ಕಾರ್ಕಳ

ಉತ್ತರ: ಬೇಕಿಲ್ಲ. ಕೂಲರಿನಲ್ಲಿ ಉಳಿಯುವ ಹಳೆ ಆಯಿಲ್‌ನಿಂದ ತೊಂದರೆ ಇಲ್ಲ, ಬದಲಿಸುವ ಅವಧಿಯನ್ನು ಸ್ವಲ್ಪ ಹಿಂದಕ್ಕೆ ತಂದರೆ ಸಾಕು. ಕೂಲರ್ ತುಂಬಿಯೇ ಇರುವುದರಿಂದ ಅದಕ್ಕೆಂದು ಹೆಚ್ಚಿನ ಆಯಿಲ್ ಬೇಕಿಲ್ಲ; ಮೊದಲು ಕೈಪಿಡಿಯಲ್ಲಿರುವ ಅಳತೆಗಿಂತ ಅರ್ಧ ಲೀಟರ್ ಕಡಿಮೆ ಹಾಕಿ, ಬಿಸಿ ಮಾಡಿ, ಡಿಪ್‌ಸ್ಟಿಕ್ ನೋಡಿಕೊಂಡು ಉಳಿದದ್ದನ್ನು ಸೇರಿಸಿ.