ದುಡ್ಡು ಕೊಟ್ಟು ಕೂಲಿ ಮಾಡೋದಾ?

ಪ್ರಶ್ನೆ: ನಮ್ಮದು ಸಕಲೇಶಪುರ ತಾಲ್ಲೂಕು, ಸಣ್ಣ ಕಾಫಿ ತೋಟ. ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನೇಪಾಳದ ಹಳ್ಳಿಯೊಂದರಲ್ಲಿ ಶಾಲೆ ಕಟ್ಟಲು ಸ್ವಯಂಸೇವಕರು ಬೇಕೆಂದು ಒಂದು ಸಂಸ್ಥೆ ಕರೆಯುತ್ತಿದೆ. ಎರಡು ವಾರಕ್ಕೆ ಊಟ-ವಸತಿ ಸೇರಿ 1 ಲಕ್ಷ 20 ಸಾವಿರ, ವಿಮಾನದ ಖರ್ಚು ಬೇರೆ. ‘ದುಡ್ಡು ಕೊಟ್ಟು ಕೂಲಿ ಮಾಡೋಕೆ ಹೋಗ್ತೀಯೇನೇ?’ ಅಂತ ಅಪ್ಪ ನಗಾಡುತ್ತಾರೆ. ಹೋಗಲೋ ಬೇಡವೋ?
– ಹೆಸರು ಬೇಡ, ಹಾನುಬಾಳು

ಉತ್ತರ: ನಿಮ್ಮಪ್ಪನ ಮಾತು ಪೂರ್ತಿ ತಳ್ಳಿಹಾಕುವಂಥದ್ದಲ್ಲ ಕಣಮ್ಮ. ಆದರೆ ಇಂಥ ಕೆಲಸಕ್ಕೆ ಕೈಯಿಂದ ಖರ್ಚು ಹಾಕಿಕೊಂಡು ಹೋಗುವುದು ಹೊಸದೂ ಅಲ್ಲ, ಅಷ್ಟಕ್ಕೇ ಮೋಸ ಅನ್ನುವಂತೆಯೂ ಇಲ್ಲ. ಬಡವರಿಗೆ ಮನೆ ಕಟ್ಟಲು 1976ರಲ್ಲಿ ಅಮೆರಿಕದಲ್ಲಿ ಶುರುವಾದ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆಯ ಜೊತೆ ಹೊರದೇಶಕ್ಕೆ ಹೋಗುವವರೂ ತಮ್ಮ ಖರ್ಚಲ್ಲೇ ಹೋಗುತ್ತಾರೆ. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 2006ರಲ್ಲಿ ಮಹಾರಾಷ್ಟ್ರದ ಲೋನಾವಳ ಹತ್ತಿರ ಬಂದು ಅವರೊಂದಿಗೆ ಮನೆ ಕಟ್ಟಿದಾಗ ವಯಸ್ಸು 82. ಆದರೆ ಅಲ್ಲೊಂದು ಕಟ್ಟುಪಾಡಿದೆ: ಮನೆ ಪಡೆಯುವ ಕುಟುಂಬವೂ ಮೈಬಗ್ಗಿಸಿ ದುಡಿಯಬೇಕು.

ಈಗ ನಿಮ್ಮ 1 ಲಕ್ಷ 20 ಸಾವಿರದ ಲೆಕ್ಕ ನೋಡೋಣ. ನಮ್ಮ ಒಂದು ರೂಪಾಯಿಗೆ ನೇಪಾಳದ 1.60. ಅಂದರೆ ಅಲ್ಲಿಯ 1 ಲಕ್ಷ 92 ಸಾವಿರ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಮನೆ ಕಳೆದುಕೊಂಡ ಒಂದು ಕುಟುಂಬಕ್ಕೆ ಅಲ್ಲಿಯ ಸರ್ಕಾರ ಪೂರ್ತಿ ಮನೆ ಕಟ್ಟಿಕೊಳ್ಳಲು ಕೊಟ್ಟಿದ್ದೇ ಅಲ್ಲಿಯ 3 ಲಕ್ಷ, ಅದೂ ಮೂರು ಕಂತಲ್ಲಿ, ಕೆಲಸ ತಪಾಸಣೆ ಮಾಡಿ. ಹಾಗಿರುವಾಗ ನಿಮ್ಮ ದುಡ್ಡಲ್ಲಿ ಸಿಮೆಂಟು, ಕಬ್ಬಿಣ, ಮೇಸ್ತ್ರಿ ಕೂಲಿಗೆ ಎಷ್ಟು, ಹೋಟೆಲು, ಜೀಪು, ಸಂಸ್ಥೆಯ ಆಫೀಸಿಗೆ ಎಷ್ಟು ಅಂತ ಬರಹದಲ್ಲಿ ಕೇಳಿ. ‘ಪ್ಯಾಕೇಜು ಮೇಡಂ’ ಅಂತ ಜಾರಿಕೊಂಡರೆ ನೀವೂ ಜಾರಿಕೊಳ್ಳಿ.

ನಾನು ಹಾಸನದಲ್ಲಿ ಗುತ್ತಿಗೆ ಕೆಲಸ ಮಾಡಿಸಿಕೊಂಡೇ ತಲೆ ನೆರೆಸಿಕೊಂಡವನು. ಹೊಸಬರ ಕೈಗೆ ಕರಣೆ ಕೊಟ್ಟರೆ ನಾಲ್ಕನೇ ವರಸೆಗೇ ಗೋಡೆ ಹೊಟ್ಟೆ ಬಿಡುತ್ತದೆ. ತೂಗುಗುಂಡು ಯಾರ ಸೇವಾಭಾವನೆಯನ್ನೂ ನೋಡುವುದಿಲ್ಲವಲ್ಲ! ನೇಪಾಳದಲ್ಲಂತೂ ಇದು ಪ್ರಾಣದ ಪ್ರಶ್ನೆ. ಅಲ್ಲಿ ಬಿದ್ದ ಹಳ್ಳಿಮನೆಗಳಲ್ಲಿ ಹೆಚ್ಚಿನವು ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲುಗೋಡೆಯವು. ಒಳಮುಖ ಹೊರಮುಖ ಎರಡನ್ನೂ ಹಿಡಿದಿಡುವ ಉದ್ದಕಲ್ಲು ಹಾಕದಿದ್ದರೆ, ಗೋಡೆಗಳನ್ನೆಲ್ಲ ಸುತ್ತಿ ಬಿಗಿಯುವ ಅಡ್ಡಪಟ್ಟಿ, ಅಂದರೆ ಬೆಲ್ಟ್, ಇಲ್ಲದಿದ್ದರೆ, ಭೂಮಿ ಅಲುಗಿದಾಗ ಅಂಥ ಗೋಡೆ ಎರಡು ಸೀಳಾಗುತ್ತದೆ. ಕಾಂಕ್ರೀಟು ಕಂಬದೊಳಗಿನ ಉದ್ದ ಕಬ್ಬಿಣಗಳನ್ನು ಸುತ್ತಿ ಹಿಡಿಯುವ ರಿಂಗನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ಕಬ್ಬಿಣ ಬಗ್ಗಿಸುವ ಬಾರ್‌ಬೆಂಡರ್ ರಿಂಗಿನ ತುದಿಯನ್ನು 90 ಡಿಗ್ರಿಗೆ ಮಡಚಿ ಕೈ ತೊಳೆದುಕೊಳ್ಳುವುದುಂಟು. ಜೋರಾಗಿ ಅಲುಗಾಡಿದಾಗ ಮೇಲಿನ ಕಾಂಕ್ರೀಟು ಉದುರಿ ಆ ತುದಿ ಬಿಚ್ಚಿಕೊಳ್ಳುತ್ತದೆ, ಕಂಬ ಕುಸಿಯುತ್ತದೆ. ತುದಿಯನ್ನು 135 ಡಿಗ್ರಿ ಮಡಚಿ ಕಂಬದ ಹೊಟ್ಟೆಯೊಳಕ್ಕೆ ಹೊಗಿಸಬೇಕು. ಎರಡು ವಾರಕ್ಕೆ ಬಂದವರ ಕೈಲಿ ಇದನ್ನು ಮಾಡಿಸುವ ಸಂಸ್ಥೆ ಇದ್ದರೆ ಅದರ ಹತ್ತಿರವೂ ಸುಳಿಯಬೇಡಿ.

ಹಾಗಾದರೆ ನಿಮಗೇನು ಕೆಲಸ? ಮರಳು ಜರಡಿ ಹಿಡಿಯುವುದು, ಬಾಂಡ್ಲಿ ಸಾಗಿಸುವುದು, ಕ್ಯೂರಿಂಗಿಗೆ ನೀರು ಹಾಕುವುದು, ಮೇಸ್ತ್ರಿ ತೋರಿಸಿದಂತೆ ಬೈಂಡಿಂಗ್ ವೈರ್ ಬಿಗಿಯುವುದು. ಫೋಟೋದಲ್ಲಿ ಚಂದ ಕಾಣುವ ಕೆಲಸಗಳಲ್ಲ. ಆದರೂ ಅದೇ ಊರಿನ ಮೇಸ್ತ್ರಿಗೆ ಸಂಬಳ ಕೊಟ್ಟು ಇಟ್ಟುಕೊಂಡು, ನಿಮ್ಮನ್ನು ಅವನ ಕೈಯಾಳಾಗಿ ನಿಲ್ಲಿಸುವವರಾದರೆ ಧೈರ್ಯವಾಗಿ ಹೋಗಿ. ಊರವರ ಕೂಲಿ ತಪ್ಪಿಸಿ ಆ ಜಾಗದಲ್ಲಿ ನಿಮ್ಮನ್ನು ನಿಲ್ಲಿಸುವುದಾದರೆ ಬೇಡವೇ ಬೇಡ. ಶಾಲೆ ಎದ್ದ ಮೇಲೆ ಮೇಷ್ಟ್ರ ಸಂಬಳ ಯಾರದ್ದು ಅಂತಲೂ ಕೇಳಿ. ಮೇಷ್ಟ್ರಿಲ್ಲದ ಹೊಸ ಕಟ್ಟಡದಲ್ಲಿ ಆಡು ಕಟ್ಟುತ್ತಾರೆ ಅಷ್ಟೆ.

ಹೋಗುವ ಮುಂಚೆ ನಾಲ್ಕು ಭಾನುವಾರ ನಿಮ್ಮೂರಲ್ಲೇ ಯಾವುದಾದರೂ ಮನೆ ಕೆಲಸಕ್ಕೆ ಮೇಸ್ತ್ರಿ ಹಿಂದೆ ನಿಲ್ಲಿ. ಬೆನ್ನು ತಡೆಯುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ನೇಪಾಳಕ್ಕೆ ನಮಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಸಾಕು, ನಿಮ್ಮ ವಯಸ್ಸಿನವರಿಗೆ ಆಧಾರ್ ನಡೆಯುವುದಿಲ್ಲ. ಧನುರ್ವಾಯು ಇಂಜೆಕ್ಷನ್ ಹಾಕಿಸಿಕೊಳ್ಳಿ, ಅಪಘಾತ ವಿಮೆ ಮಾಡಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿಯೂ ಮಳೆ, ಆಮೇಲೆ ದಸೈಂ, ಅಂದರೆ ಅವರ ದಸರಾ ಹಬ್ಬಕ್ಕೆ ಕೆಲಸ ನಿಲ್ಲುತ್ತದೆ. ಅದು ಮುಗಿದು ಕೆಲಸ ಚುರುಕಾಗುವ ಹೊತ್ತಿಗೆ ನಿಮ್ಮ ತೋಟದಲ್ಲಿ ಹಣ್ಣು ಕೊಯ್ಲು. ಅಪ್ಪನಿಗೆ ಆಳು ಸಿಗದ ಕಾಲದಲ್ಲಿ ಹೊರಟು ನಿಲ್ಲಬೇಡಿ. ಕೊಯ್ಲು ಮುಗಿಸಿ ಮಾರ್ಚ್‌ನಲ್ಲಿ ಹೋಗಿಬನ್ನಿ.